ಜೋಡುನಳಿಗೆ ಕೋವಿ: ಹಕ್ಕಿಯಿಂದ ಮಣ್ಣಿನ ಬಿಲ್ಲೆಗೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಕೋವಿಯ ಲೈಸೆನ್ಸ್ ಪುಸ್ತಕವನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಎರಡು ಬಗೆಯ ಅಕ್ಷರಗಳ ಗುಂಪು ಕಣ್ಣಿಗೆ ಬೀಳುತ್ತದೆ. ಒಂದು, ಎಸ್.ಬಿ.ಎಂ.ಎಲ್. ಮದ್ದು, ಚರೆಗಳನ್ನು ನಳಿಗೆಯ ಬಾಯಿಂದ ಸುರಿದು ಗಜದಿಂದ ಜಡಿಯುವ ಒಂಟಿನಳಿಗೆಯ ಕೋವಿ ಎಂದು ಇದರ ಅರ್ಥ. ಇನ್ನೊಂದು, ಡಿ.ಬಿ.ಬಿ.ಎಲ್.; ಹಿಂಬದಿಯಿಂದ ತೋಟಾ ತುಂಬುವ ಜೋಡುನಳಿಗೆಯ ಕೋವಿ. ಮೊದಲನೆಯದು ಹಂದಿಯಿಂದ ಗದ್ದೆ ಕಾಯುವ ಸಾಮಾನ್ಯ ರೈತನದು. ಎರಡನೆಯದು ಪಟೇಲರದು, ಕಾಫಿ ತೋಟದ ಧಣಿಗಳದು. 1861ರಿಂದಲೂ ಲೈಸೆನ್ಸಿನಿಂದ ವಿನಾಯಿತಿ ಪಡೆದಿರುವ ಕೊಡವರ ಮನೆಗಳಲ್ಲಿ ಇವೆರಡೂ ಉಂಟು. ಕೈಲ್ ಮುಹೂರ್ತದ ದಿನ ಹೂ ಮುಡಿಸಿಕೊಂಡು ದೇವರ ಮುಂದೆ ಮಲಗುವ ಈ ಜೋಡುನಳಿಗೆಯನ್ನು ಗಮನಿಸಿದವರಿಗೆ ಗೊತ್ತು: ಅದರ ಎರಡು ನಳಿಗೆಗಳು ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಅಕ್ಕಪಕ್ಕದಲ್ಲಿರುತ್ತವೆ.

ಆದರೆ ಒಲಿಂಪಿಕ್ಸ್ ನಡೆದಾಗ ಟೆಲಿವಿಷನ್ನಿನ ಮುಂದೆ ಕುಳಿತು ಸ್ಕೀಟ್ ಸ್ಪರ್ಧೆಯನ್ನು ನೋಡಿ. ಅಲ್ಲಿಯೂ ಜೋಡುನಳಿಗೆಯೇ. ಆದರೆ ಒಬ್ಬರ ಕೈಯಲ್ಲಾದರೂ ಅಕ್ಕಪಕ್ಕದ ನಳಿಗೆ ಕಾಣುವುದಿಲ್ಲ. ಎಲ್ಲರದೂ ಒಂದರ ಮೇಲೊಂದು. ಹಕ್ಕಿ ಹೊಡೆಯುವುದಕ್ಕೆಂದೇ ನೂರು ವರ್ಷ ತಿದ್ದಿ ತೀಡಿದ ಕೋವಿ, ಹಕ್ಕಿಯ ಬದಲಿಗೆ ಬಿಲ್ಲೆಯನ್ನು ಹೊಡೆಯುವ ಆಟದಲ್ಲಿ ಏಕೆ ಸೋತಿತು? ಅದು ನಿಜವಾಗಿ ಸೋತಿತೇ, ಅಥವಾ ಕೆಲಸವೇ ಬೇರೆಯಾಯಿತೇ? ಈ ಪ್ರಶ್ನೆಯ ಹಿಂದೆ ಒಂದು ಸ್ವಾರಸ್ಯವಾದ ಚರಿತ್ರೆ ಇದೆ.

ಮೊದಲು ಈ ಕೋವಿಯ ಜಾತಿಯನ್ನು ತಿಳಿದುಕೊಳ್ಳೋಣ. ರೈಫಲ್ ಒಂದೇ ಒಂದು ಗುಂಡನ್ನು ಗಿರ್ರನೆ ತಿರುಗಿಸಿ ದೂರಕ್ಕೆ ಎಸೆಯುತ್ತದೆ. ಶಾಟ್‌ಗನ್ ಹಾಗಲ್ಲ, ನೂರಾರು ಸೀಸದ ಚರೆಗಳನ್ನು ಮೋಡದಂತೆ ಚೆಲ್ಲುತ್ತದೆ. ಹಾರುವ ಹಕ್ಕಿಗೆ ಮೋಡವೇ ಬೇಕು. ನಳಿಗೆಯ ಅಳತೆಯನ್ನು ಹೇಳುವ ಕ್ರಮವೂ ವಿಚಿತ್ರ. ಒಂದು ಪೌಂಡು ಸೀಸವನ್ನು ಸಮನಾದ ಹನ್ನೆರಡು ಗೋಲಿಗಳಾಗಿ ಎರೆದರೆ, ಅಂಥ ಒಂದು ಗೋಲಿ ಹಿಡಿಸುವ ನಳಿಗೆಯೇ 12 ಬೋರು, ಸುಮಾರು 18.5 ಮಿಲಿಮೀಟರ್ ಅಗಲ. ಹಾಗಾಗಿ 20 ಬೋರು 12ಕ್ಕಿಂತ ಸಣ್ಣದು, 28 ಬೋರು ಇನ್ನೂ ಸಣ್ಣದು.

ಹಾರುವ ಹಕ್ಕಿಗೆ ಗುರಿಯಿಡುವುದು ಚಕಮಕಿ ಕಲ್ಲಿನ ಕಾಲದಲ್ಲಿ ಬಲು ಕಷ್ಟದ ಕೆಲಸವಾಗಿತ್ತು. ಟ್ರಿಗರ್ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಕಿಡಿ ಹೊರಗಿನ ಬಟ್ಟಲಿನ ಮದ್ದಿಗೆ ತಾಗಬೇಕು, ಆ ಬೆಂಕಿ ಸಣ್ಣ ತೂತಿನ ಮೂಲಕ ನಳಿಗೆಯೊಳಗೆ ನುಗ್ಗಬೇಕು. ಅಷ್ಟರಲ್ಲಿ ಬಟ್ಟಲಿನ ಬೆಳಕನ್ನು ಕಂಡ ಹಕ್ಕಿ ಹೊರಳಿಕೊಂಡು ಹೋಗಿಯಾಗಿರುತ್ತಿತ್ತು! ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ ಅವರಿಗೆ ಬಾತುಕೋಳಿ ಬೇಟೆಯ ಹುಚ್ಚು. ಹಕ್ಕಿಗಳು ಹೀಗೆ ಬೆಳಕು ಕಂಡು ತಪ್ಪಿಸಿಕೊಳ್ಳುವುದನ್ನು ಸಹಿಸಲಾರದೆ, ಏಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಕಿಡಿಗೆ ಬದಲಾಗಿ ಬಳಸುವ ಉಪಾಯ ಹುಡುಕಿ 1807ರಲ್ಲಿ ಪೇಟೆಂಟ್ ಪಡೆದರು. ಅದರಿಂದಲೇ ಮುಂದೆ ತಾಮ್ರದ ಕೇಪು ಹುಟ್ಟಿತು. ನಮ್ಮ ಊರುಗಳ 'ಕೇಪಿನ ಕೋವಿ'ಯ ಮೂಲಪುರುಷರು ಈ ಪಾದ್ರಿಗಳು. ಯುದ್ಧಭೂಮಿಯ ಚರಿತ್ರೆಯನ್ನೇ ಬದಲಿಸಿದ ಈ ಶೋಧನೆಯ ಹಿಂದೆ ಇದ್ದದ್ದು ಒಂದಿಷ್ಟು ಬಾತುಗಳ ಚಾಣಾಕ್ಷತನ ಎಂಬುದು ಸಾಮಾನ್ಯವಾಗಿ ಚರಿತ್ರೆಯ ಪುಸ್ತಕಗಳಲ್ಲಿ ಬರುವುದಿಲ್ಲ.

ಎರಡು ನಳಿಗೆಗಳನ್ನು ಜೋಡಿಸುವ ಕಲೆಗೆ ಶಾಸ್ತ್ರೀಯ ರೂಪ ಕೊಟ್ಟವನು ಲಂಡನ್ನಿನ ಜೋಸೆಫ್ ಮ್ಯಾಂಟನ್ (1766–1835). ಅವನ ಮುನ್ನವೂ ಜೋಡುನಳಿಗೆಗಳಿದ್ದವು; ಆದರೆ ಅವು ಭಾರ, ಒಡ್ಡೊಡ್ಡು. ಮ್ಯಾಂಟನ್ ಅವನ್ನು ಹಗುರಗೊಳಿಸಿದ. ಎರಡು ನಳಿಗೆಗಳ ನಡುವೆ ಎತ್ತರಿಸಿದ ಪಟ್ಟಿಯನ್ನಿಟ್ಟು, ಗುರಿಯಿಡುವ ಕಣ್ಣಿಗೆ ಒಂದು ದಾರಿ ಮಾಡಿಕೊಟ್ಟ. ಇಂದಿಗೂ ಹೆಸರುವಾಸಿಯಾದ ಪರ್ಡಿ ಮನೆತನದ ಮೂಲಪುರುಷ ಅವನ ಕಾರ್ಖಾನೆಯಲ್ಲಿ ದುಡಿದವನೇ. ಶಿಷ್ಯರೆಲ್ಲ ಶ್ರೀಮಂತರಾದರೂ ಗುರು ಮಾತ್ರ 1826ರಲ್ಲಿ ದಿವಾಳಿಯಾದ. ಮ್ಯಾಂಟನ್ ಮನೆತನದ ಹೆಸರಿನ ಅಂಗಡಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ಕಲಕತ್ತೆಗೂ ಬಂತು. ನಮ್ಮ ದೇಶದ ರಾಜರು, ಜಮೀನ್ದಾರರು ವಿಲಾಯತಿ ಕೋವಿಯ ರುಚಿ ಕಂಡದ್ದು ಇಂಥ ಅಂಗಡಿಗಳಿಂದ.

ಮುಂದಿನದೆಲ್ಲ ವೇಗವಾಗಿ ನಡೆಯಿತು. ಫ್ರಾನ್ಸಿನ ಲೆಫೋಷೆ 1830ರ ದಶಕದಲ್ಲಿ ನಡುವಿನಲ್ಲಿ ಮುರಿದು ಹಿಂದಿನಿಂದ ತೋಟಾ ಇಡುವ ಕೋವಿಯನ್ನು ಮಾಡಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ಕಂಡ ಇಂಗ್ಲಿಷರು ಮೊದಲು ಮೂಗು ಮುರಿದು ಆಮೇಲೆ ಅನುಕರಿಸಿದರು. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆ್ಯನ್ಸನ್ ಮತ್ತು ಡೀಲಿ ಎಂಬಿಬ್ಬರು ಹೊರಗಿನ ಹ್ಯಾಮರನ್ನು ಒಳಗೆ ಅಡಗಿಸಿ, ಕೋವಿಯನ್ನು ಮುರಿದಾಗ ತಾನಾಗಿ ಸಜ್ಜಾಗುವ ಸರಳ ಯಂತ್ರವನ್ನು ರೂಪಿಸಿದರು. ಜಗತ್ತಿನ ಅಕ್ಕಪಕ್ಕದ ಜೋಡುನಳಿಗೆಗಳಲ್ಲಿ ಬಹುಪಾಲು ಇದರದೇ ಸಂತತಿ. 1880ರಲ್ಲಿ ಬೀಸ್ಲಿ ಎಂಬ ಕುಶಲಿ ಪರ್ಡಿಯವರಿಗೆ ಮಾರಿದ ವಿನ್ಯಾಸದಲ್ಲಿ, ಸನ್ನೆ ಒತ್ತಿದರೆ ಸಾಕು, ಸ್ಪ್ರಿಂಗಿನ ಬಲದಿಂದ ಕೋವಿ ತಾನೇ ಬಾಯಿ ತೆರೆಯುತ್ತಿತ್ತು. ಸುಟ್ಟ ತೋಟಾಗಳನ್ನು ಹೊರಕ್ಕೆ ಚಿಮ್ಮಿಸುವ ಸಾಧನವೂ ಆ ಶತಮಾನ ಮುಗಿಯುವುದರೊಳಗೆ ಬಂತು. ಅಲ್ಲಿಗೆ ಆ ಕೋವಿಯ ಬೆಳವಣಿಗೆ ಬಹುಮಟ್ಟಿಗೆ ನಿಂತಿತೆಂದೇ ಹೇಳಬೇಕು. ಇಂದು ಲಂಡನ್ನಿನಲ್ಲಿ ಅಪಾರ ಬೆಲೆಗೆ ಮಾಡಿಸಿಕೊಳ್ಳುವ ಅಕ್ಕಪಕ್ಕದ ಕೋವಿಯನ್ನು 1900ರ ಬೇಟೆಗಾರನ ಕೈಗಿತ್ತರೆ ಅವನಿಗೆ ಅದರಲ್ಲಿ ಹೊಸದೇನೂ ಕಾಣಲಾರದು.

ಇಲ್ಲಿ ಚೋಕ್ ಎಂಬ ಒಂದು ಅಂಶದ ಬಳಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜೋಡುನಳಿಗೆಯ ಗುಟ್ಟೆಲ್ಲ ಅಲ್ಲಿದೆ. ನಳಿಗೆಯ ಬಾಯಿಯನ್ನು ಕೂದಲೆಳೆಯಷ್ಟು ಕಿರಿದು ಮಾಡಿದರೆ ಚರೆಯ ಮೋಡ ಬೇಗ ಹರಡದೆ ಒಟ್ಟಾಗಿ ಹೋಗುತ್ತದೆ; ಕೊಳವೆಯ ಬಾಯಿಗೆ ಬೆರಳಿಟ್ಟರೆ ನೀರು ದೂರ ಚಿಮ್ಮುವಂತೆ. ನ್ಯೂಕ್ಯಾಸಲ್ಲಿನ ಪೇಪ್ 1866ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಬರ್ಮಿಂಗ್‌ಹ್ಯಾಮಿನ ಗ್ರೀನರ್ 1870ರ ದಶಕದ ಮಧ್ಯದಲ್ಲಿ ಇದನ್ನು ಪಳಗಿಸಿ ಜನಪ್ರಿಯಗೊಳಿಸಿದ. ಲೆಕ್ಕ ಹೀಗಿದೆ: 40 ಗಜ ದೂರದಲ್ಲಿ 30 ಅಂಗುಲದ ಒಂದು ವೃತ್ತ ಬರೆದು ಹೊಡೆದರೆ, ಚೋಕ್ ಇಲ್ಲದ ಬಯಲು ನಳಿಗೆಯಿಂದ ಶೇಕಡಾ 40ರಷ್ಟು ಚರೆ ಆ ವೃತ್ತದೊಳಗೆ ಬೀಳುತ್ತದೆ, ಪೂರ್ಣ ಚೋಕಿನಿಂದ ಶೇಕಡಾ 70ರಷ್ಟು. ಹತ್ತಿರದಲ್ಲಿ ಪೂರ್ಣ ಚೋಕಿನಿಂದ ಹೊಡೆದರೆ ಗುರಿ ತಪ್ಪುವುದು ಸುಲಭ. ತಪ್ಪದಿದ್ದರೆ ಹಕ್ಕಿ ಚಿಂದಿಯಾಗಿ ಅಡುಗೆಗೆ ಏನೂ ಉಳಿಯುವುದಿಲ್ಲ. ದೂರದಲ್ಲಿ ಬಯಲು ನಳಿಗೆಯಿಂದ ಹೊಡೆದರೆ ಚರೆಗಳ ನಡುವಿನ ಸಂದಿಯಲ್ಲೇ ಹಕ್ಕಿ ಪಾರಾಗುತ್ತದೆ. ಅಥವಾ, ಅದಕ್ಕಿಂತ ಕೆಟ್ಟದ್ದು, ಗಾಯಗೊಂಡು ಪೊದೆ ಸೇರಿ ಸಾಯುತ್ತದೆ.

ಜೋಡುನಳಿಗೆಯ ಜಾಣತನ ಈ ಇಕ್ಕಟ್ಟಿಗೆ ಉತ್ತರ. ಬಲದ ನಳಿಗೆ ಸಡಿಲ, ಎಡದ ನಳಿಗೆ ಬಿಗಿ; ಎರಡಕ್ಕೂ ಬೇರೆಬೇರೆ ಟ್ರಿಗರ್. ಗೌಜಲಹಕ್ಕಿ ಕಾಲಬುಡದಿಂದ ಭರ್ರನೆ ಎದ್ದರೆ ಮುಂದಿನ ಟ್ರಿಗರ್. ಬಾತು ದೂರದಿಂದಲೇ ತಿರುಗಿದರೆ ಹಿಂದಿನದು. ಕಣ್ಣು ಹಕ್ಕಿಯನ್ನು ಅಳೆಯುವಷ್ಟರಲ್ಲಿ ಬೆರಳು ನಿರ್ಧಾರ ಮಾಡಿರುತ್ತದೆ. ಒಂದೇ ನಳಿಗೆಯಲ್ಲಿ ಐದು ತೋಟಾ ಹಾರಿಸುವ ಸ್ವಯಂಚಾಲಿತ ಕೋವಿಗೂ ಈ ಸೌಲಭ್ಯವಿಲ್ಲ. ಬೇಟೆಯ ಮಟ್ಟಿಗೆ ಎರಡು ನಳಿಗೆ ಎಂದರೆ ಎರಡು ಗುಂಡು ಮಾತ್ರವಲ್ಲ, ಎರಡು ದೂರ.

ತೂಕದ ಮಾತೂ ಇದೆ. ಗ್ರೀನರನ ಒಂದು ಹಳೆಯ ಸೂತ್ರದ ಪ್ರಕಾರ ಕೋವಿಯ ತೂಕ ಅದು ಹಾರಿಸುವ ಚರೆಯ ತೂಕದ 96 ಪಟ್ಟು ಇರಬೇಕು. ಒಂದು ಔನ್ಸ್ ಚರೆಗೆ ಆರು ಪೌಂಡಿನ ಕೋವಿ. ಇದಕ್ಕಿಂತ ಹಗುರವಾದರೆ ಭುಜಕ್ಕೆ ಒದೆ. ಭಾರವಾದರೆ ಸಂಜೆಯ ಹೊತ್ತಿಗೆ ತೋಳು ಸೋತುಹೋಗುತ್ತದೆ. ಅಕ್ಕಪಕ್ಕದ 12 ಬೋರಿನ ಒಳ್ಳೆಯ ಬೇಟೆಕೋವಿ ಆರೂವರೆ ಪೌಂಡು, ಎಂದರೆ ಸುಮಾರು ಮೂರು ಕಿಲೋ ತೂಗುತ್ತದೆ. ಅದರ ತೂಕವೆಲ್ಲ ಎರಡು ಕೈಗಳ ನಡುವೆ ಇರುತ್ತದೆ. ದಿನವಿಡೀ ಹೊತ್ತು ತಿರುಗಿ, ಒಂದು ಕ್ಷಣದಲ್ಲಿ ಎತ್ತಿ ಹೊಡೆಯುವ ಕೆಲಸಕ್ಕೆ ಇದಕ್ಕಿಂತ ಹದವಾದ ಉಪಕರಣ ಹುಟ್ಟಿಲ್ಲ ಎಂದೇ ಈ ಲೇಖಕನ ಅಭಿಪ್ರಾಯ. ನಳಿಗೆಗಳು ಒಂದೇ ಮಟ್ಟದಲ್ಲಿರುವುದರಿಂದ ಸ್ವಲ್ಪ ಮುರಿದರೆ ಸಾಕು, ಎರಡೂ ಬಾಯಿಗಳು ತೋಟಾಕ್ಕೆ ಸಿದ್ಧ. ಒಂದರ ಮೇಲೊಂದು ನಳಿಗೆಯಿದ್ದರೆ ಕೆಳಗಿನ ಬಾಯಿ ಕಾಣುವವರೆಗೂ ಕೋವಿಯನ್ನು ಬಹಳ ಬಗ್ಗಿಸಬೇಕು. ಅವಸರದಲ್ಲಿ ಇದು ಸಣ್ಣ ತೊಡಕಲ್ಲ.

ಉಪಕರಣ ಇಷ್ಟು ಹದವಾದಾಗ ಮನುಷ್ಯನ ಹದ ತಪ್ಪಿತು. ಇಂಗ್ಲೆಂಡಿನ ಎಸ್ಟೇಟುಗಳಲ್ಲಿ ಸಾಕಿ ಬಿಟ್ಟ ಫೆಸೆಂಟ್ ಹಕ್ಕಿಗಳನ್ನು ಸೋವಿನವರು ಎಬ್ಬಿಸಿ, ಸಾಲಾಗಿ ನಿಂತ ದೊರೆಗಳ ತಲೆಯ ಮೇಲೆ ಹಾಯಿಸುತ್ತಿದ್ದರು. ರಿಪನ್ನಿನ ಎರಡನೆಯ ಮಾರ್ಕ್ವಿಸ್ ಎಂಬ ಪ್ರಭು ಮೂರು ಪರ್ಡಿ ಕೋವಿಗಳು ಮತ್ತು ತೋಟಾ ತುಂಬಿಕೊಡುವ ಇಬ್ಬರು ಆಳುಗಳೊಡನೆ ನಿಲ್ಲುತ್ತಿದ್ದ. 1867ರಿಂದ 1923ರವರೆಗೆ ಆತ ಹೊಡೆದ ಒಟ್ಟು ಲೆಕ್ಕ 5,56,813. ಪ್ರತಿಯೊಂದನ್ನೂ ಬರೆದಿಟ್ಟಿದ್ದ! ಆತ ಪ್ರಾಣ ಬಿಟ್ಟದ್ದೂ ಬೇಟೆಯ ಬಯಲಿನಲ್ಲೇ, 1923ರ ಸೆಪ್ಟೆಂಬರಿನಲ್ಲಿ, ಆ ಬೆಳಗಿನ 52ನೆಯ ಹಕ್ಕಿ ಉರುಳಿದ ಮೇಲೆ. 1913ರ ಡಿಸೆಂಬರ್ 18ರಂದು ಹಾಲ್ ಬಾರ್ನ್ ಎಂಬಲ್ಲಿ ಐದನೆಯ ಜಾರ್ಜ್ ದೊರೆಯೂ ಇದ್ದ ತಂಡ ಒಂದೇ ದಿನ 3,937 ಫೆಸೆಂಟುಗಳನ್ನು ಉರುಳಿಸಿತು. ಇಂದು ಸ್ವಲ್ಪ ಅತಿಯಾಯಿತೆಂದು ದೊರೆಗೇ ಅನ್ನಿಸಿತಂತೆ.

ಅದು ಎಲ್ಲೋ ದೂರದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ದೆಹಲಿ, ಆಗ್ರಾ ನೋಡಲು ಊರಿಂದ ಬಂದ ನೆಂಟರನ್ನು ಭರತಪುರದ ಪಕ್ಷಿಧಾಮಕ್ಕೂ ಕರೆದೊಯ್ದಿರುವ ನಮ್ಮವರು ಅಲ್ಲಿನ ಕಲ್ಲಿನ ಫಲಕಗಳನ್ನು ನೋಡಿರಬಹುದು. ಯಾವ ದಿನ, ಯಾರ ಗೌರವಾರ್ಥ, ಎಷ್ಟು ಕೋವಿಗಳಿಂದ, ಎಷ್ಟು ಹಕ್ಕಿ ಎಂಬ ಪಟ್ಟಿಯನ್ನು ಶಾಸನದಂತೆ ಕೆತ್ತಿಸಿದ್ದಾರೆ. 1938ರ ನವೆಂಬರ್ 12ರಂದು ವೈಸರಾಯ್ ಲಿನ್ಲಿತ್‌ಗೋ ಅವರ ಶಿಕಾರಿಯಲ್ಲಿ ಬಿದ್ದ ಹಕ್ಕಿಗಳು 4,273. ದಾನಶಾಸನ, ವೀರಗಲ್ಲುಗಳನ್ನು ಓದಿ ಬೆಳೆದ ನಮಗೆ ಇಂಥದೊಂದು ಕಲ್ಲನ್ನು ಹೇಗೆ ಓದಬೇಕೆಂದು ತೋಚುವುದಿಲ್ಲ.

ಅಮೆರಿಕದಲ್ಲಿ ಕಥೆ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಬೇಟೆಯಷ್ಟೇ ಅಲ್ಲದೆ ಪಂದ್ಯದ ಚಟವೂ ಇತ್ತು. ಪೆಟ್ಟಿಗೆಯಲ್ಲಿ ಜೀವಂತ ಪಾರಿವಾಳವನ್ನಿಟ್ಟು, ಹಗ್ಗ ಎಳೆದು ಹಾರಿಸಿ ಹೊಡೆಯುವ ಪಂದ್ಯ ಅದು. ಆ ಪೆಟ್ಟಿಗೆಗೆ ಟ್ರ್ಯಾಪ್ ಎಂದು ಹೆಸರು. ಇಂದಿನ ಟ್ರ್ಯಾಪ್ ಸ್ಪರ್ಧೆಗೆ ಆ ಹೆಸರು ಅಂಟಿಕೊಂಡದ್ದು ಹೀಗೆ. ಒಂದು ಕಾಲದಲ್ಲಿ ಆಕಾಶವನ್ನೇ ಕವಿಯುತ್ತಿದ್ದ ಪ್ಯಾಸೆಂಜರ್ ಪಿಜನ್ ಎಂಬ ಕಾಡುಪಾರಿವಾಳಗಳನ್ನು ಬಲೆ ಬೀಸಿ ಹಿಡಿದು ಇದಕ್ಕಾಗಿ ರೈಲಿನಲ್ಲಿ ತರಿಸುತ್ತಿದ್ದರು. 1881ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ನಡೆದ ಒಂದೇ ಪಂದ್ಯಾವಳಿಗೆ ಸುಮಾರು 20,000 ಹಕ್ಕಿಗಳು ಬಂದವು. ಪಂದ್ಯವನ್ನು ಏರ್ಪಡಿಸಿದ್ದ ಸಂಘದ ಹೆಸರಿನಲ್ಲಿ ಮೀನು ಮತ್ತು ಬೇಟೆಪ್ರಾಣಿಗಳ 'ಸಂರಕ್ಷಣೆ' ಎಂಬ ಮಾತಿತ್ತು!

ಇದಕ್ಕೆ ಬದಲು ಹುಡುಕುವ ಪ್ರಯತ್ನವೂ ಆಗಲೇ ನಡೆದಿತ್ತು. ಗಾಜಿನ ಗೋಲಗಳನ್ನು ಎಸೆದು ಹೊಡೆದರು. ಒಡೆದಾಗ ಹಕ್ಕಿಯಂತೆ ಕಾಣಲಿ ಎಂದು ಒಳಗೆ ಪುಕ್ಕ ತುಂಬಿದ್ದೂ ಉಂಟು. ಆದರೆ ಗೋಲ ಚೆಂಡಿನಂತೆ ಮೇಲೆದ್ದು ಕೆಳಗೆ ಬೀಳುತ್ತದೆಯೇ ಹೊರತು ಹಾರುವುದಿಲ್ಲ. 1880ರಲ್ಲಿ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದ ಜಾರ್ಜ್ ಲಿಗೋಸ್ಕಿ ಎಂಬುವನು ಸುಟ್ಟ ಮಣ್ಣಿನ ಚಪ್ಪಟೆ ಬಿಲ್ಲೆಯನ್ನೂ ಅದನ್ನು ಎಸೆಯುವ ಯಂತ್ರವನ್ನೂ ತಯಾರಿಸಿದ. ಕೆರೆಯ ನೀರಿನ ಮೇಲೆ ಬಿಲ್ಲೆಗಲ್ಲು ಎಸೆದು ಆಡಿದವರಿಗೆ ಇದರ ತತ್ತ್ವ ಕೂಡಲೇ ಅರ್ಥವಾಗುತ್ತದೆ. ತಿರುಗುತ್ತ ಹೋಗುವ ಬಿಲ್ಲೆ ಗಾಳಿಯ ಮೇಲೆ ತೇಲಿಕೊಂಡು, ಹಕ್ಕಿಯ ಹಾಗೆ ದೂರ ಸಾಗುತ್ತದೆ. ಮಣ್ಣು ತೀರ ಗಟ್ಟಿಯಾಗಿ ಚರೆ ತಾಗಿದರೂ ಒಡೆಯುತ್ತಿರಲಿಲ್ಲವಾದ್ದರಿಂದ ಮುಂದೆ ಸುಣ್ಣಕಲ್ಲಿನ ಪುಡಿ ಮತ್ತು ಕೀಲನ್ನು ಬೆರೆಸಿ ಎರಕ ಹೊಯ್ದರು. 'ಕ್ಲೇ' ಎಂಬ ಹೆಸರು ಮಾತ್ರ ಉಳಿಯಿತು. ಜೀವಂತ ಹಕ್ಕಿಯ ಪಂದ್ಯ ಕೂಡಲೇ ನಿಲ್ಲಲಿಲ್ಲ. 1900ರ ಪ್ಯಾರಿಸ್ ಕ್ರೀಡೆಗಳಲ್ಲೂ ಅದು ನಡೆದು ಸುಮಾರು 300 ಪಾರಿವಾಳಗಳು ಸತ್ತವು. ಪ್ಯಾಸೆಂಜರ್ ಪಿಜನ್ನಿನ ಪಾಲಿಗಂತೂ ಬಿಲ್ಲೆ ತಡವಾಗಿ ಬಂತು. ಆ ಜಾತಿಯ ಕಟ್ಟಕಡೆಯ ಹಕ್ಕಿ, ಮಾರ್ಥಾ ಎಂಬ ಹೆಣ್ಣು, ಪಂಜರದಲ್ಲಿ ಸತ್ತದ್ದು 1914ರ ಸೆಪ್ಟೆಂಬರ್ 1ರಂದು. ಅದು ಸತ್ತ ಊರೂ ಸಿನ್ಸಿನಾಟಿಯೇ.

ಇನ್ನು ಸ್ಕೀಟಿನ ಹುಟ್ಟು. ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಆ್ಯಂಡೋವರಿನಲ್ಲಿ ನಾಯಿ ಸಾಕಣೆಯ ಕೇಂದ್ರ ನಡೆಸುತ್ತಿದ್ದ ಚಾರ್ಲ್ಸ್ ಡೇವಿಸ್ ಎಂಬ ಗ್ರೌಸ್ ಬೇಟೆಗಾರನಿದ್ದ. ಬೇಟೆಯಲ್ಲಿ ತಪ್ಪಿದ ಹಕ್ಕಿಗಳನ್ನು ನೆನೆದು ಅವನ್ನೇ ಮತ್ತೆ ಅಭ್ಯಾಸ ಮಾಡಲು 25 ಗಜ ತ್ರಿಜ್ಯದ ಒಂದು ವೃತ್ತ ಹಾಕಿ, ಗಡಿಯಾರದ ಮುಖದಂತೆ ಹನ್ನೆರಡು ಗುರುತು ಮಾಡಿದ. ಹನ್ನೆರಡರ ಬಳಿ ಬಿಲ್ಲೆ ಎಸೆಯುವ ಯಂತ್ರ. ಪ್ರತಿ ಗುರುತಿನಿಂದ ಎರಡೆರಡು ಹೊಡೆತ, ಪೆಟ್ಟಿಗೆಯಲ್ಲಿ ಉಳಿದ 25ನೆಯ ತೋಟಾವನ್ನು ನಡುಮಧ್ಯೆ ನಿಂತು ಹೊಡೆಯುವುದು. ಕೆಲವು ಕಾಲದ ನಂತರ ಪಕ್ಕದ ಜಮೀನಿನಲ್ಲಿ ಯಾರೋ ಕೋಳಿ ಸಾಕಣೆ ಆರಂಭಿಸಿದರು. ಚರೆ ಹೋಗಿ ಕೋಳಿಗಳ ಮೇಲೆ ಬೀಳತೊಡಗಿತು. ಸುತ್ತ ಎಲ್ಲ ದಿಕ್ಕಿಗೂ ಹೊಡೆಯುವಂತಿಲ್ಲ! ಆಗ ವೃತ್ತವನ್ನು ಅರ್ಧಕ್ಕೆ ಕತ್ತರಿಸಿ, ಆರರ ಬಳಿ ಎರಡನೆಯ ಯಂತ್ರವನ್ನು ಎತ್ತರದಲ್ಲಿ ಕೂರಿಸಿದರು. ಒಂದು ನೆಲದಿಂದ ಏಳುವ ಹಕ್ಕಿ, ಇನ್ನೊಂದು ಮರದಿಂದ ಹಾರುವ ಹಕ್ಕಿ. ಇಂದಿನ ಸ್ಕೀಟ್ ಅಂಗಳದ ಎತ್ತರದ ಮನೆ, ತಗ್ಗಿನ ಮನೆ, ಅರ್ಧಚಂದ್ರ ಎಲ್ಲವೂ ಆ ಕೋಳಿಗಳ ಪುಣ್ಯ. ಡೇವಿಸನ ಗೆಳೆಯ ವಿಲಿಯಂ ಫಾಸ್ಟರ್ ಪತ್ರಿಕೆಯೊಂದರ ಸಂಪಾದಕ. 1926ರಲ್ಲಿ ಆಟಕ್ಕೆ ಹೆಸರಿಡುವ ಸ್ಪರ್ಧೆ ಏರ್ಪಡಿಸಿ ನೂರು ಡಾಲರ್ ಬಹುಮಾನವಿಟ್ಟ. ಮಾಂಟಾನಾದ ಗರ್ಟ್ರೂಡ್ ಹರ್ಲ್‌ಬಟ್ ಎಂಬ ಮಹಿಳೆ ಸ್ಕ್ಯಾಂಡಿನೇವಿಯಾದ ಹಳೆಯ ಪದವೆಂದು ಸೂಚಿಸಿದ 'ಸ್ಕೀಟ್' ಗೆದ್ದಿತು.

ಹುಟ್ಟಿದ್ದು ಬೇಟೆಯ ಅಭ್ಯಾಸವಾಗಿ, ಆದ್ದರಿಂದ ಮೊದಮೊದಲು ಬೇಟೆಯ ಕೋವಿಯೇ ಸ್ಕೀಟಿಗೂ ಬಂತು. ಪಾರ್ಕರ್ ಕಂಪನಿ ಅಕ್ಕಪಕ್ಕದ ಸ್ಕೀಟ್ ಕೋವಿಗಳನ್ನು ಮಾಡಿತು. 1931ರಲ್ಲಿ ಮಾರುಕಟ್ಟೆಗೆ ಬಂದ ವಿಂಚೆಸ್ಟರ್ 21 ಎಂಬ, ಗಟ್ಟಿತನಕ್ಕೆ ಹೆಸರಾದ ಅಕ್ಕಪಕ್ಕದ ಕೋವಿಯಲ್ಲಿಯೂ ಸ್ಕೀಟಿಗೆಂದೇ ಕೊರೆದ ನಳಿಗೆಗಳಿದ್ದವು. ಒಂಟಿನಳಿಗೆಯ ಪಂಪ್ ಮತ್ತು ಸ್ವಯಂಚಾಲಿತ ಕೋವಿಗಳೂ ಅಮೆರಿಕದ ಅಂಗಳಗಳಲ್ಲಿ ಬಹುಕಾಲ ಮೆರೆದವು.

ಆದರೆ ಆಟ ಬೆಳೆದಂತೆ ಬೇಟೆಕೋವಿಯ ಗುಣಗಳೆಲ್ಲ ಒಂದೊಂದಾಗಿ ಬೆಲೆ ಕಳೆದುಕೊಂಡವು. ಸ್ಕೀಟಿನ ಬಿಲ್ಲೆಯನ್ನು ಹೆಚ್ಚಾಗಿ 20 ಗಜದ ಸುಮಾರಿನಲ್ಲಿ ಹೊಡೆಯುತ್ತಾರೆ. ಅದು ಯಾವ ಮನೆಯಿಂದ, ಯಾವ ದಾರಿಯಲ್ಲಿ ಬರುತ್ತದೆಂಬುದು ಮೊದಲೇ ಗೊತ್ತು. ಎಂದ ಮೇಲೆ ಬಿಗಿಯ ನಳಿಗೆ ಏತಕ್ಕೆ? ಎರಡು ನಳಿಗೆಗಳೂ ಸಡಿಲವಾಗಿಯೇ ಇರಬೇಕು. ಎರಡು ದೂರಗಳಿಲ್ಲದ ಮೇಲೆ ಎರಡು ಟ್ರಿಗರುಗಳೂ ಬೇಡ. ಒಂದೇ ಸಾಕು, ಅದೂ ಪ್ರತಿಸಲ ಒಂದೇ ಬಗೆಯಲ್ಲಿ ಮುರಿಯುವಂಥದು. ಹಗುರತನವೂ ಬೇಡ. ಸ್ಪರ್ಧಾಳು ಕೋವಿ ಹೊತ್ತು ಬೆಟ್ಟ ಹತ್ತುವುದಿಲ್ಲ. ಆದರೆ ಬೇಟೆಗಾರ ಒಂದು ವರ್ಷದಲ್ಲಿ ಸುಡುವಷ್ಟು ತೋಟಾವನ್ನು ಒಂದೇ ದಿನದ ಅಭ್ಯಾಸದಲ್ಲಿ ಸುಡುತ್ತಾನೆ. ಮೂರೂವರೆ ಕಿಲೋ ದಾಟಿದ ಕೋವಿ ಒದೆಯನ್ನು ನುಂಗಿಕೊಳ್ಳುತ್ತದೆ, ಒಮ್ಮೆ ಬೀಸಲು ತೊಡಗಿದರೆ ನಡುವೆ ನಿಲ್ಲದೆ ಸಾಗುತ್ತದೆ. ಹಕ್ಕಿಗೆ ಹೊಡೆದು ತಪ್ಪುವವರಲ್ಲಿ ಹೆಚ್ಚಿನವರು ತಪ್ಪುವುದು ಟ್ರಿಗರ್ ಎಳೆಯುವಾಗ ಕೋವಿಯನ್ನು ನಿಲ್ಲಿಸುವುದರಿಂದ. ಹಗುರ ಕೋವಿ ಬೇಗ ಏಳುತ್ತದೆ, ಬೇಗ ನಿಲ್ಲುತ್ತದೆ. ಭಾರದ ಕೋವಿ ತಡವಾಗಿ ಏಳುತ್ತದೆ, ತಡವಾಗಿ ನಿಲ್ಲುತ್ತದೆ.

ಇಲ್ಲಿಯೇ ಮೇಲುಕೆಳಗಿನ ನಳಿಗೆಗೆ ಅವಕಾಶ ಸಿಕ್ಕಿದ್ದು. ಲಂಡನ್ನಿನ ಬಾಸ್ ಕಂಪನಿ 1909ರಲ್ಲೇ ಅಂಥ ಸುಂದರ ಕೋವಿಯನ್ನು ಮಾಡಿತ್ತು. ಆದರೆ ಅದು ದೊರೆಗಳ ಆಟಿಕೆ. ಜನಸಾಮಾನ್ಯರಿಗೂ ಎಟುಕುವಂತೆ ಅದನ್ನು ಕಾರ್ಖಾನೆಯಲ್ಲಿ ಮಾಡುವ ಯೋಚನೆ ಅಮೆರಿಕದ ಜಾನ್ ಬ್ರೌನಿಂಗನದು. ಮೆಷಿನ್‌ಗನ್, ಪಿಸ್ತೂಲುಗಳಿಂದ ಹೆಸರಾದ ಈತ ಕೊನೆಯಲ್ಲಿ ಕೈಹಾಕಿದ್ದು ಈ ಕೋವಿಗೆ. 1926ರ ನವೆಂಬರಿನಲ್ಲಿ ಬೆಲ್ಜಿಯಮ್ಮಿನ ಲಿಯೆಜ್ ಬಳಿಯ ಕಾರ್ಖಾನೆಯಲ್ಲೇ ಹೃದಯಾಘಾತದಿಂದ ತೀರಿಕೊಂಡ. ಕೆಲಸ ಮುಂದುವರಿಸಿದ ಮಗ ವ್ಯಾಲ್ ಅದಕ್ಕೆ ಮುಂದೆ ಒಂದೇ ಟ್ರಿಗರಿನ ಯಂತ್ರವನ್ನೂ ಸೇರಿಸಿದ. 'ಸೂಪರ್‌ಪೋಸ್ಡ್' ಎಂಬ ಹೆಸರಿನಿಂದ 1931ರಲ್ಲಿ ಅದು ಮಾರಾಟಕ್ಕೆ ಬಂತು. ಮರುವರ್ಷ ಬಂದ ರೆಮಿಂಗ್ಟನ್ 32 ಯುದ್ಧಕಾಲದಲ್ಲಿ ನಿಂತುಹೋದರೂ ಅದರ ವಿನ್ಯಾಸವನ್ನು ಜರ್ಮನಿಯ ಕ್ರೀಘಾಫ್ ಬೆಳೆಸಿಕೊಂಡಿತು. ಇಟಲಿಯಲ್ಲಿ 1526ರಷ್ಟು ಹಿಂದಿನ ದಾಖಲೆಯಿರುವ ಬೆರೆಟ್ಟಾ ಮನೆತನ ಒಂದು ಕಡೆ. ಡಾನಿಯೇಲೆ ಪೆರಾಟ್ಸಿ 1957ರಲ್ಲಿ ಬ್ರೆಷಾದ ಬಳಿ ಆರಂಭಿಸಿದ ಕಾರ್ಖಾನೆ ಇನ್ನೊಂದು ಕಡೆ. ಪೆರಾಟ್ಸಿಯ ಎಂ.ಎಕ್ಸ್. 8 ಎಂಬ ಮಾದರಿ 1968ರ ಮೆಕ್ಸಿಕೋ ಒಲಿಂಪಿಕ್ಸಿಗಾಗಿ ರೂಪುಗೊಂಡದ್ದು. ಅದರ ಟ್ರಿಗರ್ ಯಂತ್ರವನ್ನು ಪೂರ್ತಿಯಾಗಿ ಹೊರಗೆಳೆದು, ಸ್ಪ್ರಿಂಗ್ ಮುರಿದಿದ್ದರೆ ಅಂಗಳದಲ್ಲೇ ಬೇರೊಂದನ್ನು ಕೂರಿಸಬಹುದು.

ಮೇಲುಕೆಳಗಿನ ಕೋವಿಯ ಮೇಲ್ಮೆ ಎಲ್ಲಿ? ಮುಖ್ಯವಾಗಿ ಎರಡು ಕಡೆ. ಅಕ್ಕಪಕ್ಕದ ಕೋವಿಯಲ್ಲಿ ಬಲದ ನಳಿಗೆ ಹಾರಿದಾಗ ಕೋವಿ ಒಂದಿಷ್ಟು ಬಲಕ್ಕೆ, ಎಡದ್ದು ಹಾರಿದಾಗ ಎಡಕ್ಕೆ ತಿರುಗಲೆಣಿಸುತ್ತದೆ. ಮೇಲುಕೆಳಗಿನದರಲ್ಲಿ ಮೊದಲು ಹಾರಿಸುವ ಕೆಳನಳಿಗೆ ಭುಜದ ನೇರಕ್ಕೇ ಇರುವುದರಿಂದ ಒದೆತ ಹಿಂದಕ್ಕೆ ನೇರವಾಗಿ ಬರುತ್ತದೆ. ಮುಖ ಕದಲುವುದಿಲ್ಲ, ಎರಡನೆಯ ಬಿಲ್ಲೆಗೆ ಕಣ್ಣು ಸಿದ್ಧವಾಗಿರುತ್ತದೆ. ಎರಡೆರಡು ಬಿಲ್ಲೆ ಒಟ್ಟಿಗೆ ಹಾರುವ ಸ್ಕೀಟಿನಲ್ಲಿ ಇದು ದೊಡ್ಡ ಲಾಭ. ಇನ್ನೊಂದು, ಕಣ್ಣಿನ ಮುಂದೆ ಎರಡು ನಳಿಗೆಗಳ ಅಗಲದ ಬದಲು ಒಂದೇ ನಳಿಗೆಯ ಕಿರಿದಾದ ಗೆರೆ ಇರುತ್ತದೆ. ಕೆಳಗಿನ ಮರದ ಹಿಡಿ ಆಳವಾಗಿರುವುದರಿಂದ ಕಾದ ನಳಿಗೆ ಕೈಯನ್ನು ಸುಡುವುದೂ ಇಲ್ಲ. ಅಕ್ಕಪಕ್ಕದ್ದರ ತೆಳುಹಿಡಿಯನ್ನು ಹಿಡಿದು ನೂರು ತೋಟಾ ಹಾರಿಸಿ ನೋಡಿ, ಗೊತ್ತಾಗುತ್ತದೆ!

ಹಾಗೆಂದು ಸ್ಕೀಟಿನ ಕೋವಿಯನ್ನು ಹೊತ್ತು ಗದ್ದೆಯ ಕೆಸರಿನಲ್ಲಿ ಸ್ನೈಪ್ ಹಕ್ಕಿಯ ಹಿಂದೆ ಹೊರಟರೆ ಅದರಷ್ಟು ಪೆಚ್ಚು ಇನ್ನೊಂದಿಲ್ಲ. ಭಾರ; ಏಳಲು ಸೋಮಾರಿ; 35 ಗಜ ದಾಟಿದ ಹಕ್ಕಿಗೆ ಚರೆಯ ಮೋಡ ತೀರ ತೆಳ್ಳಗೆ. ಯಾವ ಕೋವಿ ಉತ್ತಮ ಎಂಬ ವಾದ ಬೇಟೆಗಾರರ ಹಳೆಯ ಹರಟೆ. ಆದರೆ ವಾದಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಬೇಟೆಯಲ್ಲಿ ಅಕ್ಕಪಕ್ಕದ್ದು ಎಂದೂ ಸೋಲಲಿಲ್ಲ. ಹಕ್ಕಿಗಳು ಕಡಿಮೆಯಾದವು, ಬಿಲ್ಲೆಗಳು ಹೆಚ್ಚಿದವು; ಕೋವಿ ಕಟ್ಟುವವನು ಬಿಲ್ಲೆಯ ಕಡೆ ತಿರುಗಿದ, ಅಷ್ಟೆ.

ಸ್ಕೀಟ್ ಒಲಿಂಪಿಕ್ಸಿಗೆ ಬಂದದ್ದು 1968ರಲ್ಲಿ. ಅಮೆರಿಕದಲ್ಲಿ ಕೋವಿಯನ್ನು ಮೊದಲೇ ಭುಜಕ್ಕಿಟ್ಟುಕೊಂಡು ಬಿಲ್ಲೆ ಕೇಳುವ ರೂಢಿ ಬೆಳೆದಿದ್ದರೂ ಒಲಿಂಪಿಕ್ ನಿಯಮ ಅದಕ್ಕೆ ಒಪ್ಪಿಲ್ಲ. ಕೋವಿಯ ಹಿಂತುದಿ ಸೊಂಟದ ಮಟ್ಟದಲ್ಲಿರಬೇಕು. ಕೂಗಿದ ಮೇಲೆ ಮೂರು ಸೆಕೆಂಡಿನೊಳಗೆ ಯಾವಾಗ ಬೇಕಾದರೂ ಬಿಲ್ಲೆ ಹಾರಬಹುದು. ಡೇವಿಸನ ಗ್ರೌಸ್ ಹಕ್ಕಿ ಹೇಳಿಕೇಳಿ ಏಳುತ್ತಿರಲಿಲ್ಲವಲ್ಲ, ಅದರ ನೆನಪು ಈ ನಿಯಮದಲ್ಲಿ ಮಾತ್ರ ಉಳಿದಿದೆ. 1992ರ ಬಾರ್ಸಿಲೋನಾದಲ್ಲಿ ಗಂಡಸರು, ಹೆಂಗಸರು ಒಟ್ಟಿಗೆ ಸ್ಪರ್ಧಿಸಿದ ಸ್ಕೀಟಿನಲ್ಲಿ ಚೀನಾದ ಜಾಂಗ್ ಶಾನ್ ಅರ್ಹತಾ ಸುತ್ತಿನ 200ರಲ್ಲಿ 200ನ್ನೂ ಒಡೆದು, ಕೊನೆಗೆ 225ಕ್ಕೆ 223 ಪಡೆದು ಚಿನ್ನ ಗೆದ್ದರು. ಮುಂದಿನ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಸ್ಕೀಟೇ ಇರಲಿಲ್ಲ! ಪ್ರತ್ಯೇಕ ಸ್ಪರ್ಧೆ ಬಂದದ್ದು 2000ದಲ್ಲಿ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಬಿಗಿಗೊಳಿಸಿತು. 1991ರ ತಿದ್ದುಪಡಿ ಪರವಾನಗಿಯ ಶಿಕಾರಿಯನ್ನೂ ಕೊನೆಗಾಣಿಸಿತು. ಅಂದಿನಿಂದ ಮನೆಮನೆಯ ಅಕ್ಕಪಕ್ಕದ ಜೋಡುನಳಿಗೆಗೆ ಅದು ಹುಟ್ಟಿದ ಕೆಲಸವಿಲ್ಲ. ಅಜ್ಜನ ವಿಲಾಯತಿ ಕೋವಿ ಉಳಿದಿರುವವರು ಗಮನಿಸಬೇಕಾದ ಒಂದೆರಡು ಮಾತು: ನಳಿಗೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಚಿತ್ತಾರವಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆ, ಇಂದಿನ ಬಿರುಸು ಮದ್ದಿನ ತೋಟಾ ಅದಕ್ಕೆ ಸಲ್ಲ. ಹಳೆಯ ಇಂಗ್ಲಿಷ್ ಕೋವಿಗಳ ತೋಟಾಮನೆ ಎರಡೂವರೆ ಅಂಗುಲದ್ದು, ಇಂದಿನ ಸಾಮಾನ್ಯ ತೋಟಾ ಎರಡೂಮುಕ್ಕಾಲು ಅಂಗುಲದ್ದು. ಒಳಗೆ ಹೋಗುತ್ತದೆ ಎಂದ ಮಾತ್ರಕ್ಕೆ ಹಾರಿಸುವಂತಿಲ್ಲ. ಸೀಸ ತಿಂದು ಬಾತುಗಳು ಸಾಯುವುದರಿಂದ ಅಮೆರಿಕ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿತು. ಬದಲಿಗೆ ಬಂದ ಉಕ್ಕಿನ ಚರೆ ಈ ಹಳೆಯ ತೆಳುನಳಿಗೆಗಳನ್ನು ಕೆಡಿಸುತ್ತದೆ.

ಹಕ್ಕಿಯಿಂದ ಬಿಲ್ಲೆಗೆ ಆದ ಪ್ರಯಾಣವನ್ನು ಒಂದೇ ಮನೆತನದಲ್ಲಿ ಕಾಣಬೇಕೆಂದರೆ ಬಿಕಾನೇರನ್ನು ನೋಡಬೇಕು. ಮಹಾರಾಜ ಗಂಗಾಸಿಂಗರ ಕಾಲದಲ್ಲಿ ಅಲ್ಲಿನ ಗಜನೇರ್ ಕೆರೆಗೆ ಚಳಿಗಾಲದ ಬೆಳಗ್ಗೆ ನೀರು ಕುಡಿಯಲು ಬರುತ್ತಿದ್ದ ಸ್ಯಾಂಡ್‌ಗ್ರೌಸ್ ಹಕ್ಕಿಗಳ ಶಿಕಾರಿ ಸಾಮ್ರಾಜ್ಯದಲ್ಲೆಲ್ಲ ಪ್ರಸಿದ್ಧ. ವೈಸರಾಯರು ಅದರ ಆಮಂತ್ರಣಕ್ಕೆ ಕಾಯುತ್ತಿದ್ದರು. ಅವರ ಮೊಮ್ಮಗ ಕರಣಿಸಿಂಗ್ (1924–1988) ಬಿಲ್ಲೆಗೆ ಗುರಿಯಿಟ್ಟರು. 1952ರಿಂದ 1977ರವರೆಗೆ ಲೋಕಸಭೆಯ ಸದಸ್ಯರಾಗಿದ್ದುಕೊಂಡೇ, 1960ರ ರೋಮಿನಿಂದ 1980ರ ಮಾಸ್ಕೋವರೆಗೆ ಐದು ಒಲಿಂಪಿಕ್ಸುಗಳಲ್ಲಿ ಸ್ಪರ್ಧಿಸಿದರು. 1962ರಲ್ಲಿ ಕೈರೋದ ವಿಶ್ವಚಾಂಪಿಯನ್‌ಷಿಪ್ಪಿನ ಟ್ರ್ಯಾಪಿನಲ್ಲಿ ಬೆಳ್ಳಿ ಗೆದ್ದರು. ಶೂಟಿಂಗಿಗೆ ಮೊದಲ ಅರ್ಜುನ ಪ್ರಶಸ್ತಿ ಬಂದದ್ದೂ ಇವರಿಗೇ, 1961ರಲ್ಲಿ. 1982ರ ಏಷ್ಯನ್ ಕ್ರೀಡೆಗಳಿಗಾಗಿ ದೆಹಲಿಯ ತುಘಲಕಾಬಾದಿನಲ್ಲಿ ಕಟ್ಟಿದ ಶೂಟಿಂಗ್ ಅಂಗಳ ಇಂದು ಅವರ ಹೆಸರನ್ನು ಹೊತ್ತಿದೆ. ಹಳೆಯ ಕೋಟೆಯ ಆಸುಪಾಸಿನಲ್ಲಿ ಬೆಳಗಿನ ಹೊತ್ತು ಓಡಾಡುವ ದೆಹಲಿ ಕನ್ನಡಿಗರಿಗೆ ಆ ಢಂ ಢಂ ಸದ್ದು ಅಪರಿಚಿತವಲ್ಲ.

ಒಲಿಂಪಿಕ್ಸಿನ ಸ್ಕೀಟಿಗೆ ಅರ್ಹತೆ ಗಳಿಸಿದ ಮೊದಲ ಭಾರತೀಯ ಮೈರಾಜ್ ಅಹಮದ್ ಖಾನ್, 2016ರ ರಿಯೋದಲ್ಲಿ. 2022ರಲ್ಲಿ ಕೊರಿಯಾದ ಚಾಂಗ್‌ವಾನಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಅವರು ಚಿನ್ನ ಗೆದ್ದರು. 2024ರ ಪ್ಯಾರಿಸಿನಲ್ಲಿ ಸ್ಕೀಟಿನ ಮಿಶ್ರ ತಂಡ ಸ್ಪರ್ಧೆ ಮೊದಲ ಬಾರಿಗೆ ನಡೆದಾಗ ಮಹೇಶ್ವರಿ ಚೌಹಾನ್ ಮತ್ತು ಅನಂತಜೀತ್ ಸಿಂಗ್ ನರೂಕಾ ಕಂಚಿನ ಪದಕಕ್ಕಾಗಿ ಚೀನಾದ ಜೋಡಿಯನ್ನು ಎದುರಿಸಿದರು. ಪ್ರತಿ ತಂಡಕ್ಕೆ 48 ಬಿಲ್ಲೆ. ಚೀನಾ 44 ಒಡೆಯಿತು, ನಮ್ಮವರು 43.